ಎರಡನೆಯ ಹೆಜ್ಜೆ

ನನ್ನ ಮಗ ಆಡುವ ಆಟದಲ್ಲಿ ಅವನು ಚೆಂಡನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಇದನ್ನು ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಎಷ್ಟು ಜನಕ್ಕೆ ವಿವರಿಸಿದ್ದೇನೋ. ದೋಸೆಯ ತಟ್ಟೆ ಹಿಡಿದ ಅಂಕಲ್‌ಗಳು, "ಮಗ ಫುಟ್‌ಬಾಲ್ ಆಡ್ತಾನಂತೆ, ಎಷ್ಟು ಗೋಲ್ ಹೊಡ್ದ?" ಎಂದು ಕೇಳುತ್ತಾರೆ. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಇಲ್ಲಿ ಅಮೆರಿಕದವರ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು ಆಡುವುದು ಎಂದು ನಾನು ಶುರು ಮಾಡುತ್ತೇನೆ. ಚೆಂಡು ಎಸೆಯುವವನೊಬ್ಬ, ಹಿಡಿದು ಓಡುವವನೊಬ್ಬ. ಅವರ ಮುಂದೆ ಐದು ಜನ ದಪ್ಪ ಹುಡುಗರು ಸಾಲಾಗಿ ನಿಂತು ಎದುರು ತಂಡದವರನ್ನು ತಡೆದು ಹಿಂದಕ್ಕೆ ತಳ್ಳುತ್ತಾರೆ. ಅದಕ್ಕೆ ಬ್ಲಾಕ್ ಮಾಡುವುದು ಎನ್ನುತ್ತಾರೆ. ನನ್ನ ಮಗ ಆ ಐವರಲ್ಲಿ ಒಬ್ಬ. "ಅಷ್ಟೇನಾ? ಬರೀ ತಳ್ಳೋದಾ?" ಎನ್ನುತ್ತಾರೆ ಅಂಕಲ್. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹೌದು, ಬರೀ ತಳ್ಳೋದು, ಒಂದ್ಸಲ ನಿಮ್ಮನ್ನ ತಳ್ಳಿ ತೋರಿಸ್ತಾನೆ ಬನ್ನಿ ಎನ್ನಬೇಕೆನಿಸುತ್ತದೆ. ಎನ್ನುವುದಿಲ್ಲ. ಇನ್ನೊಂದಿಷ್ಟು ಚಟ್ನಿ ಹಾಕಿಸಿಕೊಂಡು ಬರುತ್ತೇನೆ.

ನಿಜ ಹೇಳಬೇಕೆಂದರೆ ಮೊದಲ ವರ್ಷ ನನಗೂ ಹಾಗೇ ಅನಿಸಿತ್ತು. ಕೋವಿಡ್ ಬಂದು ಶಾಲೆ ಮುಚ್ಚಿದಾಗ ನಮ್ಮ ಹುಡುಗ ಸಾಧಾರಣ ಗಾತ್ರದವನಾಗಿದ್ದ. ಎಲಿಕಾಟ್ ಸಿಟಿಯ ನಮ್ಮ ಟೌನ್‌ಹೌಸಿನ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತ ಕಡೆಯೇ ಅವನು ಅಡ್ಡಕ್ಕೂ ಉದ್ದಕ್ಕೂ ಬೆಳೆದ. ಮತ್ತೆ ಶಾಲೆ ತೆರೆದಾಗ ಬಾಗಿಲಲ್ಲಿ ನಿಂತರೆ ಹಿಂದಿನ ಬೆಳಕು ಕಾಣುತ್ತಿರಲಿಲ್ಲ. ನಮ್ಮವರ ಮಕ್ಕಳೆಲ್ಲ ಟೆನಿಸ್, ಚೆಸ್, ರೋಬೋಟ್ ಎಂದು ಹೋಗುವ ಊರು ಇದು. ಇವನು ಎಲ್ಲಕ್ಕೂ ಹೋಗಿ, ಎಲ್ಲವನ್ನೂ ಬಿಟ್ಟು ಬಂದಿದ್ದ. ಯಾವುದಕ್ಕೂ ಆಸೆ ಪಟ್ಟವನಲ್ಲ, ಹಟ ಮಾಡಿದವನಲ್ಲ. ಹೈಸ್ಕೂಲಿನ ಕೋಚ್ ಒಬ್ಬರು ಅವನ ಭುಜ ನೋಡಿ ಕರೆದರು, ಇವನು ಹೋದ. ಅವತ್ತಿನಿಂದ ಊಟದ ಮೇಜಿನಲ್ಲಿ ಅವನ ಬಾಯಿಂದ ಬೇರೆ ಮಾತಿಲ್ಲ. ಇಷ್ಟು ವರ್ಷ ತೆಪ್ಪಗಿದ್ದ ಹುಡುಗ ಒಂದು ವಿಷಯಕ್ಕೆ ಇಷ್ಟು ಮಾತಾಡುವುದನ್ನು ಕೇಳುವುದೇ ನನಗೆ ಹೊಸದಾಗಿತ್ತು.

ನಾನು ಹೇಳಹೊರಟಿರುವುದು ಅವನು ಹನ್ನೊಂದನೆಯ ಕ್ಲಾಸಿಗೆ ಹೋಗುವ ಮುಂಚಿನ ಆಗಸ್ಟ್ ತಿಂಗಳ ಮಾತು. ಅದುವರೆಗೆ ಕಿರಿಯರ ತಂಡದಲ್ಲಿದ್ದ. ಆ ವರ್ಷ ದೊಡ್ಡ ತಂಡದ ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು, ಅದಕ್ಕೆ ಇವನು ಮತ್ತು ಇನ್ನೊಬ್ಬ ಹುಡುಗ. ಶಾಲೆ ಶುರುವಾಗುವ ಮುಂಚಿನ ಶನಿವಾರ ಬೇರೆ ಶಾಲೆಯ ಜೊತೆ ಒಂದು ಅಭ್ಯಾಸದ ಪಂದ್ಯ, ಅದು ಮುಗಿದ ಮೇಲೆ ಜಾಗ ಯಾರದೆಂದು ಹೇಳುತ್ತೇನೆ ಎಂದಿದ್ದರು ಕೋಚ್. ಸಿಗದಿದ್ದರೆ ವರ್ಷಪೂರ್ತಿ ಬೆಂಚಿನ ಮೇಲೆ. "ಬೆಂಚ್ ಮೇಲೆ ಕೂತ್ರೆ ಏನಾಯ್ತೀಗ, ಓದ್ಕೊಬಹುದು" ಎಂದು ನನ್ನ ಗಂಡ ತಮಾಷೆ ಮಾಡಿದ. ಹುಡುಗ ಅರ್ಧ ಚಪಾತಿ ಬಿಟ್ಟು ಎದ್ದು ಹೋದ. ಅವನು ಊಟ ಬಿಟ್ಟು ಎದ್ದದ್ದನ್ನು ನಾವು ಅದೇ ಮೊದಲು ನೋಡಿದ್ದು.

ಮರುದಿನ ಅವನನ್ನು ಪ್ರಾಕ್ಟೀಸಿನಿಂದ ಕರೆತರಲು ಹೋದವಳು ಕೋಚನ್ನೇ ಬೇಲಿಯ ಹತ್ತಿರ ನಿಲ್ಲಿಸಿ ಕೇಳಿದೆ: ಇವನು ಸುಧಾರಿಸುವ ಹುಡುಗನೋ ಅಲ್ಲವೋ, ನೇರವಾಗಿ ಹೇಳಿ. ಕೋಚ್ ವಯಸ್ಸಾದವರು, ಎರಡೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿರುತ್ತಿದ್ದರು. ಗಾತ್ರವನ್ನು ನಾನು ಕಲಿಸಲಾರೆ, ಅದು ಇವನಿಗಿದೆ. ಟೆಕ್ನಿಕ್ ಯಾರಿಗಾದರೂ ಕಲಿಸಬಲ್ಲೆ, ಇವನೊಬ್ಬನಿಗೆ ಒಂದೇ ಒಂದು ವಿಷಯ ತಲೆಗೆ ಹೋಗುತ್ತಿಲ್ಲ ಎಂದರು. ಆಮೇಲೆ ಆ ಮೊಣಕಾಲನ್ನೇ ಬಗ್ಗಿಸಿ, ನನ್ನನ್ನು ಎದುರಾಳಿಯೆಂದು ನಿಲ್ಲಿಸಿಕೊಂಡು ತೋರಿಸಿದರು. ಮೊದಲ ಹೆಜ್ಜೆ ಗೇಣುದ್ದ, ಅಷ್ಟೇ. ಎರಡನೆಯದು ಎದುರಿಗಿರುವವನ ಎರಡು ಪಾದಗಳ ನಡುವೆ ಹೋಗಿ ಊರಬೇಕು. ಆಗ ಕೈ ಅವನ ಎದೆಗೆ ಬೀಳುತ್ತದೆ, ಬಲ ನೆಲದಿಂದ ಸೊಂಟಕ್ಕೆ, ಸೊಂಟದಿಂದ ಕೈಗೆ ಬರುತ್ತದೆ. ನಿಮ್ಮ ಮಗ ಎರಡನೆಯ ಹೆಜ್ಜೆಯನ್ನು ಹೊರಗಿಡುತ್ತಾನೆ, ನೀರು ನಿಂತ ಗುಂಡಿಯನ್ನು ಬಳಸಿಕೊಂಡು ಹೋಗುವವನ ಹಾಗೆ. ಆಗ ಎಷ್ಟು ಗಾತ್ರವಿದ್ದರೂ ದಂಡ, ಎದುರಿನವನು ಪಕ್ಕದಿಂದ ನುಸುಳಿ ಹೋಗುತ್ತಾನೆ. ವಿಚಿತ್ರವೆಂದರೆ, ಎಂದು ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡರು, ದಿಂಬು ಕಟ್ಟಿದ ಕಬ್ಬಿಣದ ಗಾಡಿಯನ್ನು ತಳ್ಳುವಾಗ ಇವನಷ್ಟು ಚೆನ್ನಾಗಿ ಹೆಜ್ಜೆ ಇಡುವವನು ತಂಡದಲ್ಲೇ ಇಲ್ಲ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಒಂದು ಕಡೆ ಸರಿಯಾಗಿ ನಡೆದದ್ದು ಇನ್ನೊಂದು ಕಡೆ ಕೈಕೊಟ್ಟರೆ, ಎರಡು ಕಡೆಗೂ ಇರುವ ವ್ಯತ್ಯಾಸವೇನು ಎಂದು ಹುಡುಕುವುದೇ ನನ್ನ ದಿನದ ಕೆಲಸ. ಕೋಚ್ ಹೇಳಿದ ಕೊನೆಯ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವುದು ಸಾಧ್ಯವಿರಲಿಲ್ಲ. "ಭಯ ಇರಬೇಕು, ಬಿಡು" ಎಂದ ನನ್ನ ಗಂಡ. ಅವನು ಯಾವುದನ್ನೂ ಬಿಡು ಎನ್ನುವವನು. ನಾನು ಯಾವುದನ್ನೂ ಬಿಡದವಳು. ಎತ್ತು ಏರಿಗೆ, ಕೋಣ ನೀರಿಗೆ ಎಂದು ನಮ್ಮ ಮದುವೆಯಲ್ಲೇ ಯಾರೋ ಹೇಳಿದ್ದರು.

ಮರುದಿನದಿಂದ ಸಂಜೆ ಆಫೀಸಿನ ಕಾಲ್‌ಗಳನ್ನು ಬೇಗ ಮುಗಿಸಿ ಬೇಲಿಯ ಪಕ್ಕ ಫೋನು ಹಿಡಿದು ನಿಂತೆ. ಬೇರೆ ತಾಯಂದಿರು ಮಡಚುವ ಕುರ್ಚಿ ಹಾಕಿಕೊಂಡು ಕುಳಿತು ಚೆಂಡು ಹೋದ ಕಡೆ ನೋಡುತ್ತಿದ್ದರು. ನಾನು ನನ್ನ ಮಗನ ಪಾದಗಳನ್ನು ಮಾತ್ರ ವಿಡಿಯೋ ಮಾಡುತ್ತಿದ್ದೆ. ಶೂ ಕಂಪನಿಯವಳೇ ಎಂದು ಒಬ್ಬಾಕೆ ಕೇಳಿದಳು. ಮನೆಗೆ ಬಂದು ನಿಧಾನಗತಿಯಲ್ಲಿ ಹಾಕಿ ನೋಡಿದರೆ ಕೋಚ್ ಹೇಳಿದ್ದು ಅಕ್ಷರಶಃ ನಿಜ. ಗಾಡಿ ತಳ್ಳುವಾಗ ಹೆಜ್ಜೆ ಸರಿ. ಮೂಟೆಯಂಥ ದಿಂಬು ಎದುರಿಗಿದ್ದಾಗಲೂ ಸರಿ. ಮನುಷ್ಯ ಎದುರಿಗೆ ನಿಂತ ಕೂಡಲೇ ಪಾದ ಹೊರಗೆ. ಭಯವಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು, ಏಕೆಂದರೆ ಇವನ ಅರ್ಧದಷ್ಟೂ ಇಲ್ಲದ ಒಬ್ಬ ಪುಟಾಣಿ ಹುಡುಗ ಎದುರಿಗೆ ಬಂದಾಗಲೂ ಹಾಗೇ ಆಗಿತ್ತು. ಆ ಪುಟಾಣಿಯನ್ನು ಇವನು ಕೆಮ್ಮಿದರೂ ಉರುಳಿಸಬಹುದು. ಕಣ್ಣಿನ ಪರೀಕ್ಷೆ ಮಾಡಿಸಿದೆ, ಚೆನ್ನಾಗಿತ್ತು. ಶೂ ಬದಲಾಯಿಸಿದೆ, ಪ್ರಯೋಜನವಾಗಲಿಲ್ಲ. "ಯಾಕೋ ಹಾಗೆ ಹೊರಗಿಡ್ತೀಯ?" ಎಂದು ಕೇಳಿದರೆ, "ಐ ಡೋಂಟ್ ನೋ ಅಮ್ಮಾ. ನಾನು ಒಳಗೇ ಇಡ್ತೀನಿ. ಇಟ್ ಜಸ್ಟ್ ಗೋಸ್ ದೇರ್" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಪಂದ್ಯದ ಹಿಂದಿನ ಭಾನುವಾರ ಲ್ಯಾನ್‌ಹ್ಯಾಮಿಗೆ ಹೋಗಿದ್ದೆವು. ಅಲ್ಲಿನ ದೇವಸ್ಥಾನದಲ್ಲಿ ಪರಿಚಯದವರ ಸತ್ಯನಾರಾಯಣ ಪೂಜೆ ಇತ್ತು. ಸಭಾಂಗಣದಲ್ಲಿ ಜನ ನೆಲದ ಮೇಲೆ ಒತ್ತೊತ್ತಾಗಿ ಕುಳಿತಿದ್ದರು. ನನ್ನ ಮಗ ಮುಂದಿದ್ದ ಒಬ್ಬ ಆಂಟಿಗೆ ನೀರಿನ ಬಾಟಲಿ ಕೊಡಲು ಎದ್ದ. ಅಷ್ಟು ದೊಡ್ಡ ದೇಹ ಅಷ್ಟು ಜನರ ನಡುವೆ ಹೇಗೆ ಹೋದೀತು ಎಂದು ಸುಮ್ಮನೆ ನೋಡುತ್ತಿದ್ದೆ. ಯಾರ ಕೈಗೂ, ಸೀರೆಯ ಸೆರಗಿಗೂ, ಮಗುವಿನ ಕಾಲಿಗೂ ತಾಗದಂತೆ ಅವನು ಪಾದವನ್ನು ಎತ್ತಿ, ಹೊರಕ್ಕೆ ತಿರುಗಿಸಿ, ಸಿಕ್ಕ ಸಂದಿಯಲ್ಲಿ ಇಡುತ್ತಾ ಹೋದ. ಆ ಹೆಜ್ಜೆಯನ್ನು ನಾನು ವಾರದಿಂದ ಫೋನಿನಲ್ಲಿ ನೋಡುತ್ತಿದ್ದೆ. ವಾಪಸ್ಸು ಬರುವಾಗ ಅವನ ಹೆಬ್ಬೆರಳು ಒಬ್ಬ ಹೆಂಗಸಿನ ಮಂಡಿಗೆ ತಾಗಿತು. ತಕ್ಷಣ ಬಗ್ಗಿ, ಅವರ ಮಂಡಿಯನ್ನು ಬೆರಳ ತುದಿಯಲ್ಲಿ ಮುಟ್ಟಿ, ಕಣ್ಣಿಗೆ ಒತ್ತಿಕೊಂಡ. ಆಕೆ ಮಂತ್ರ ಕೇಳುತ್ತಲೇ, "ಪರವಾಗಿಲ್ಲ ಪುಟ್ಟಾ" ಎಂದರು. ಮಂಗಳಾರತಿ ನನ್ನ ಮುಂದೆ ಬಂದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ, ಗಂಡ ಮೊಣಕೈಯಲ್ಲಿ ತಿವಿದ.

ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸುವುದಿಲ್ಲ. ಕಾಲು ಇನ್ನೊಬ್ಬರಿಗೆ ತಾಗಬಾರದು. ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಪುಸ್ತಕಕ್ಕೂ ಅಷ್ಟೇ, ಅಕ್ಕಿಯ ಕಾಳಿಗೂ ಅಷ್ಟೇ. ಇವನು ಅಂಬೆಗಾಲಿಡುವಾಗ ನನ್ನ ಅಮ್ಮ ಮೈಸೂರಿನಿಂದ ಬಂದು ಆರು ತಿಂಗಳು ಇದ್ದಳು. ಇವನ ಪುಟ್ಟ ಕಾಲು ಅವಳ ಮಡಿಲಿಗೆ ತಗುಲಿದಾಗಲೆಲ್ಲ ಇವನ ಕೈ ಹಿಡಿದು ಆಟವಾಡಿಸುತ್ತ ಹಾಗೆ ಮಾಡಿಸುತ್ತಿದ್ದಳು. ಮಾತು ಬರುವ ಮುಂಚೆಯೇ ಅದು ಬಂದುಬಿಟ್ಟಿತ್ತು.

ಆದರೆ ಅಂದಾಜು ಅಂದಾಜೇ, ಪರೀಕ್ಷೆ ಮಾಡಬೇಕು. ಮನೆಗೆ ಬಂದವಳೇ ಇಬ್ಬರನ್ನೂ ಬೇಸ್‌ಮೆಂಟಿಗೆ ಇಳಿಸಿದೆ. ಕುರ್ಚಿಗೆ ಸೋಫಾದ ಕುಶನ್ ಕಟ್ಟಿ, ಅದರ ಮುಂದೆ ಗಂಡನ ಖಾಲಿ ಶೂಗಳನ್ನು ಇಟ್ಟು, ನಡುವೆ ಹೆಜ್ಜೆ ಇಡು ಎಂದೆ. ಇಟ್ಟ. ಈಗ ಕುರ್ಚಿ ತೆಗೆದು ಅದೇ ಶೂ ಹಾಕಿದ ಗಂಡನನ್ನು ನಿಲ್ಲಿಸಿ ಕೈಗೆ ಕುಶನ್ ಕೊಟ್ಟೆ. "ನನ್ನ ಇನ್ಶೂರೆನ್ಸ್ ಪೇಪರ್ ಎಲ್ಲಿದೆ ಅಂತ ಗೊತ್ತಲ್ಲ?" ಎಂದ ಅವನು. ನಡೆಯುವ ವೇಗದಲ್ಲೇ ಮಾಡು ಎಂದೆ. ಪಾದ ಹೊರಗೆ ಬಿತ್ತು.

"ಈಗ ಬೇಕು ಅಂತಲೇ ಅಪ್ಪನ ಕಾಲು ತುಳಿ" ಎಂದೆ.

"ವೈ?"

"ತುಳಿಯೋ, ನಾನು ಹೇಳ್ತಿದೀನಿ."

ಹಿಂದೆ ಮುಂದೆ ನೋಡಿ, ಕೊನೆಗೆ ಹೂವಿನ ಮೇಲೆ ಇಡುವ ಹಾಗೆ ಅಪ್ಪನ ಶೂವಿನ ಮೇಲೆ ಪಾದವಿಟ್ಟ. ಇಟ್ಟದ್ದೇ ತಡ, ಬಲಗೈ ಕೆಳಗೆ ಹೋಗಿ ಶೂ ಮುಟ್ಟಿ ಕಣ್ಣಿಗೆ ಬಂತು.

"ಈಗೇನು ಮಾಡ್ದೆ?"

"ಸ್ಟೆಪ್ ಮಾಡ್ದೆ. ನೀನೇ ಹೇಳಿದ್ದಲ್ವಾ?"

"ಆಮೇಲೆ?"

"ಆಮೇಲೆ ಏನಿಲ್ಲ."

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೇಳಿದಾಗ ಮೊದಲು ನಕ್ಕ, ಆಮೇಲೆ ಮುಖ ಪೆಚ್ಚಾಯಿತು. ಫೀಲ್ಡಿನಲ್ಲೂ ಮಾಡಿದ್ದೇನೆಯೇ ಎಂದು ನನ್ನ ಫೋನು ಕಿತ್ತುಕೊಂಡು ವಿಡಿಯೋಗಳನ್ನೆಲ್ಲ ತಿರುವಿದ. ಒಂದರಲ್ಲಿ ಸಿಕ್ಕಿಬಿದ್ದ. ಎದುರಿನವನ ಕಾಲು ತುಳಿದು, ವಿಸಿಲ್ ಊದಿದ ಮೇಲೆ, ಬಿದ್ದವನ ಮೊಣಕಾಲನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳಲು ಹೋಗಿ ಬೆರಳು ಹೆಲ್ಮೆಟ್ಟಿನ ಜಾಲರಿಗೆ ತಗುಲಿದೆ. ನೋಡಿದವರು ಹೆಲ್ಮೆಟ್ ಸರಿಮಾಡಿಕೊಂಡ ಎಂದುಕೊಂಡಿರಬೇಕು. ಮೂವರೂ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಕ್ಕದ್ದಾಯಿತು, ರೋಗ ಗೊತ್ತಾಯಿತು, ಮದ್ದೇನು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ನಾವು ಗಿಡವಾಗಿದ್ದಾಗಲೇ ಚೆನ್ನಾಗಿ ಬಗ್ಗಿಸಿಬಿಟ್ಟಿದ್ದೆವು, ಈಗ ಅದೇ ತಾಪತ್ರಯ. ಫೀಲ್ಡಿನಲ್ಲಿ ಎದುರಿಗಿರುವವರನ್ನು ಮನುಷ್ಯರು ಅಂದುಕೊಳ್ಳಬೇಡ, ಮೂಟೆ ಅಂದುಕೋ ಎಂದೆ. ಅವನಿಗೆ ಸಿಟ್ಟು ಬಂತು. ಪ್ರಾಕ್ಟೀಸಿನಲ್ಲಿ ಅವನೆದುರು ನಿಲ್ಲುವ ಹುಡುಗ ಅವನ ಜೀವದ ಗೆಳೆಯ, ನಾನು ಕಟ್ಟಿಕೊಡುವ ಪುಳಿಯೋಗರೆಯಲ್ಲಿ ಅರ್ಧ ತಿನ್ನುವವನು. "ಹಿ ಈಸ್ ನಾಟ್ ಎ ಮೂಟೆ, ಅಮ್ಮಾ" ಎಂದ. ಯೋಚನೆ ಮಾಡದೆ ಆಡು ಎಂದ ಅಪ್ಪ. ಯೋಚನೆ ಮಾಡದೆ ಆಗುತ್ತಿದ್ದದ್ದೇ ಇದು ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಸೀರಿಯಲ್ ಹೊತ್ತಿಗೆ ಮಾಡಿದ್ದಕ್ಕೆ ಮೊದಲು ಬೈಸಿಕೊಂಡೆ. ಎಲ್ಲ ಹೇಳಿ, ನಿನ್ನ ಪಾಠದಿಂದ ನಿನ್ನ ಮೊಮ್ಮಗನ ಜಾಗ ಹೋಗುತ್ತಿದೆ ನೋಡು ಎಂದೆ. ಅವಳಿಗೇನೂ ಬೇಸರವಾಗಲಿಲ್ಲ. ಅವಳ ಅಣ್ಣ, ನನ್ನ ಸೋದರಮಾವ, ಗರಡಿಯಲ್ಲಿ ಕುಸ್ತಿ ಮಾಡಿದವರು.

"ನಿಮ್ಮ ಮಾವ ಎಷ್ಟು ಜನರ ಎದೆ ಮೇಲೆ ಕಾಲಿಟ್ಟಿಲ್ಲ? ಮನೇಲಿ ಅವನ ಕಾಲು ನನಗೆ ತಾಗಿದ್ರೂ ಮುಟ್ಟಿ ಕಣ್ಣಿಗೊತ್ತಿಕೊಳ್ತಿದ್ದ" ಎಂದಳು. "ಗರಡಿಗೆ ಇಳಿಯೋವಾಗ ಒಂದ್ಸಲ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ತಾರೆ ಕಣೇ. ಅಲ್ಲಿಗೆ ಎಲ್ಲಾರ್ಗೂ ಮೊದಲೇ ನಮಸ್ಕಾರ ಆಯ್ತಲ್ಲ. ಆಮೇಲೆ ಯಾರ ಕಾಲು ಯಾರಿಗೆ ತಾಗಿದ್ರೂ ದೋಷ ಇಲ್ಲ."

ಸ್ಪೀಕರಿನಲ್ಲಿ ಕೇಳುತ್ತಿದ್ದ ಹುಡುಗ, "ಎವ್ರಿ ಪ್ಲೇ ಮಾಡ್ಬೇಕಾ ಅಜ್ಜಿ?" ಎಂದ.

"ಒಂದ್ಸಲ ಸಾಕಪ್ಪಾ."

"ನಾವು ಹೇಗಿದ್ರೂ ಎವ್ರಿ ಪ್ಲೇ ಕೈ ಕೆಳಗೆ ಇಡ್ತೀವಿ" ಎಂದು ಅವನು ನನ್ನ ಮುಖ ನೋಡಿದ. ಅದು ನಿಜ. ಚೆಂಡು ಹೊರಡುವ ಒಂದೊಂದು ಸಲವೂ ಒಂದು ಪ್ಲೇ, ಪ್ರತಿ ಸಲವೂ ಅದಕ್ಕೆ ಮುಂಚೆ ಸಾಲಿನ ಹುಡುಗರು ಬಗ್ಗಿ ಒಂದು ಕೈಯನ್ನು ನೆಲಕ್ಕೆ ಊರಿರುತ್ತಾರೆ. ನಾನು ಅಷ್ಟು ದಿನ ಪಾದವನ್ನೇ ನೋಡಿ ಕೈಯನ್ನು ಗಮನಿಸಿರಲಿಲ್ಲ. ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಚೆಂಡನ್ನು ಇವನಿಗೆ ಯಾಕೆ ಕೊಡುವುದಿಲ್ಲ, ಆ ಮೇಷ್ಟ್ರಿಗೆ ಹೋಗಿ ಕೇಳು, ಬಾಯಿಲ್ಲದವನು ಅಂತ ಮೋಸ ಮಾಡುತ್ತಿರಬೇಕು ಎಂದಳು.

ದೋಷವಿಲ್ಲ ಎಂದು ಅಜ್ಜಿ ಹೇಳಿದ ಮಾತ್ರಕ್ಕೆ ಕಾಲು ಕೇಳಿಬಿಡುತ್ತದೆಯೇ? ಆ ವಾರವೆಲ್ಲ ಸಂಜೆ ಬೇಸ್‌ಮೆಂಟಿನಲ್ಲಿ ತಾಲೀಮು ನಡೆಯಿತು. ಗಂಡ ಹಿಮಕ್ಕೆ ಹಾಕುವ ದಪ್ಪ ಬೂಟು ಹಾಕಿ, ಎದೆಗೆ ಕುಶನ್ ಅಪ್ಪಿಕೊಂಡು ನಿಲ್ಲುತ್ತಿದ್ದ. ಹುಡುಗ ಕಾರ್ಪೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಕೈ ಊರಿ, ಏಳುತ್ತಿದ್ದ. ನಾನು ನೆಲದ ಮೇಲೆ ಕುಳಿತು ಪಾದಗಳನ್ನು ನೋಡಿ ಒಳಗೆ, ಹೊರಗೆ ಎಂದು ಹೇಳುತ್ತಿದ್ದೆ. ಮೊದಲ ಸಂಜೆ ಬರೀ ಹೊರಗೆ. ಆಮೇಲೆ ಒಂದು ಒಳಗೆ ಬಿತ್ತು, ಜೊತೆಗೇ ಕೈಯೂ ಕೆಳಗೆ ಹೋಯಿತು. ನನಗೆ ಕುತೂಹಲವೋ ಕುತೂಹಲ. ಮೈ ಕಲಿತದ್ದನ್ನು ಮೈ ಮರೆಯುವುದು ಯಾವ ಕಡೆಯಿಂದ, ಕಾಲಿನಿಂದಲೋ ಕೈಯಿಂದಲೋ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಕಾಲು ಮೊದಲು ಕೇಳಿತು. ಗುರುವಾರದ ಹೊತ್ತಿಗೆ ಎರಡನೆಯ ಹೆಜ್ಜೆ ತಪ್ಪದೆ ಒಳಗೆ ಬೀಳುತ್ತಿತ್ತು, ಗಂಡ ಗೋಡೆಯವರೆಗೆ ಹೋಗಿ ಬೀಳುತ್ತಿದ್ದ.

ಶುಕ್ರವಾರ ಸಂಜೆ ಅವನು ಅಪ್ಪನ ಬೂಟನ್ನು ಪೂರ್ತಿ ಭಾರ ಹಾಕಿ ತುಳಿದ. ತುಳಿದು, ತಳ್ಳಿ, ತಿರುಗಿ ಹೋಗಿ ನೀರು ಕುಡಿದ. ಕೈ ಅಲ್ಲಾಡಲಿಲ್ಲ. ನಾವು ವಾರವಿಡೀ ಕಾದದ್ದು ಇದಕ್ಕೇ. ಗಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಕುಶನ್‌ಗಳನ್ನು ಸೋಫಾಕ್ಕೆ ವಾಪಸ್ಸು ಹಾಕಿ ಊಟಕ್ಕೆ ಹೋದೆವು.

ಶನಿವಾರ ಬೆಳಿಗ್ಗೆಯೇ ಸೆಕೆ ಶುರುವಾಗಿತ್ತು. ಅವನು ಮೈದಾನಕ್ಕೆ ಬಂದು, ಎಲ್ಲರಿಗಿಂತ ಒಂದು ಕ್ಷಣ ಮುಂಚೆ ಬಗ್ಗಿ, ಹುಲ್ಲು ಮುಟ್ಟಿ ಹೆಲ್ಮೆಟ್ಟಿನ ಜಾಲರಿಗೆ ತಗುಲಿಸಿಕೊಂಡು ಕೈ ಊರಿದ. ಎದುರಿಗೆ ಇವನಷ್ಟೇ ದಪ್ಪದ ಹುಡುಗ. ಚೆಂಡು ಹಿಂದಕ್ಕೆ ಹೋಯಿತು. ಮೊದಲ ಹೆಜ್ಜೆ ಗೇಣುದ್ದ. ಎರಡನೆಯದು ನೇರವಾಗಿ ಆ ಹುಡುಗನ ಪಾದಗಳ ನಡುವೆ. ಎರಡು ದೇಹಗಳು ಹೊಡೆದುಕೊಂಡ ಸದ್ದು ಬೇಲಿಯವರೆಗೆ ಕೇಳಿಸಿತು, ಎದುರಿನವನು ಹಿಂದೆ ಹಿಂದೆ ಹೋಗಿ ಕುಳಿತುಬಿಟ್ಟ. ಅದಾದ ಮೇಲೂ ಮತ್ತೆ ಮತ್ತೆ ಹಾಗೇ ಆಯಿತು. ಒಮ್ಮೆ ನಮ್ಮ ಕಡೆಯವರೆಲ್ಲ ಎದ್ದು ಕುಣಿದರು. "ಏನಾಯ್ತು?" ಎಂದು ಗಂಡನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, ಅವನೂ ಪಾದವನ್ನೇ ನೋಡುತ್ತಿದ್ದ. ಪಕ್ಕದಾಕೆ, ನಿಮ್ಮ ಹುಡುಗ ಬಿಡಿಸಿದ ದಾರಿಯಲ್ಲೇ ಓಡಿ ಸ್ಕೋರ್ ಮಾಡಿದರು ಎಂದು ಹೇಳಿಕೊಟ್ಟಳು. ಪಂದ್ಯ ಮುಗಿದ ಮೇಲೆ ಕೋಚ್ ಅವನ ಹೆಲ್ಮೆಟ್ಟಿನ ಮೇಲೆ ಒಂದು ಏಟು ಕೊಟ್ಟು, ಜಾಗ ಇವನದು ಎಂದರು. ಇದ್ದಕ್ಕಿದ್ದಂತೆ ಹೇಗೆ ಬಂತು ಎಂದು ನನ್ನನ್ನು ಕೇಳಿದರು. ಪ್ರಾಕ್ಟೀಸ್ ಎಂದೆ.

ಗಂಡ ತನ್ನ ಕಾರಿನಲ್ಲಿ ದಿನಸಿ ತರಲು ಹೋದ. ಹುಡುಗ ನನ್ನ ಪಕ್ಕದ ಸೀಟನ್ನು ಹಿಂದಕ್ಕೆ ತಳ್ಳಿ, ಬೆವರು ವಾಸನೆ ಹೊಡೆಯುತ್ತ ಕುಳಿತ. ಹಾಡು ಹಾಕುತ್ತಾನೆ, ಕುಣಿಯುತ್ತಾನೆ ಎಂದುಕೊಂಡಿದ್ದೆ. ಸುಮ್ಮನೆ ಬಲ ಅಂಗೈ ನೋಡಿಕೊಳ್ಳುತ್ತಿದ್ದ.

"ಏಟಾಯ್ತೇನೋ?"

"ಇಲ್ಲ. ಆ ಹುಡುಗನ ಕಾಲು ತುಂಬಾ ಸಲ ಸ್ಟೆಪ್ ಮಾಡ್ದೆ ಅಮ್ಮಾ."

"ಅವನಿಗೆ ನೋವಾಯ್ತಾ?"

"ನೋ, ಹಿ ವಾಸ್ ಫೈನ್. ಅವ್ನೂ ನಂದು ಸ್ಟೆಪ್ ಮಾಡ್ದ." ಅಂಗೈಯನ್ನು ತೊಡೆಗೆ ಒರೆಸಿಕೊಂಡು, "ಬಟ್ ನನ್ನ ಕೈಗೆ ಒಂಥರಾ ಆಯ್ತು. ಏನೋ ಮಾಡೋಕೆ ಮರೆತ ಹಾಗೆ. ನೆನ್ನೆ ಅಪ್ಪಂದು ಸ್ಟೆಪ್ ಮಾಡಿದಾಗ ಹಾಗೆ ಆಗ್ಲಿಲ್ಲ. ಏನೂ ಆಗ್ಲಿಲ್ಲ" ಎಂದ.

ನಾನು ರಸ್ತೆ ನೋಡುತ್ತಿದ್ದೆ. ಅಪ್ಪನ ಬೂಟು ತುಳಿದಾಗ ಅವನ ಕೈ ಅಲ್ಲಾಡದಿದ್ದದ್ದನ್ನು ನಾನೂ ನನ್ನ ಗಂಡನೂ ಮಾತ್ರ ಗಮನಿಸಿದ್ದೆವು ಎಂದು ತಿಳಿದಿದ್ದೆ.

"ಪ್ರಾಕ್ಟೀಸ್ ಮಾಡ್ತಾ ಮಾಡ್ತಾ ಕೈಗೂ ಅಭ್ಯಾಸ ಆಗಿ ಹೋಗುತ್ತೆ" ಎಂದೆ. ಅವನ ಜಾಗ ಉಳಿಯಬೇಕಿತ್ತಲ್ಲ, ಬೇರೇನು ಹೇಳಲಿ.

ಸಿಗ್ನಲ್ ಹಸಿರಾಯಿತು. ಮನೆಯ ತಿರುವು ಬಂತು.

"ಹಾಗಾದ್ರೆ ಸ್ಕೂಲಲ್ಲಿ ಮಾತ್ರ ಮಾಡ್ತೀನಿ" ಎಂದ. "ಮನೇಲಿ ಅಪ್ಪನ ಮೇಲೆ ಪ್ರಾಕ್ಟೀಸ್ ಬೇಡ."